ಊರಲ್ಲೇ ಹಸೆ ಚಿತ್ತಾರದ ಪ್ರದರ್ಶನ ಇಡುವುದು ಹೇಗೆ

ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುವ ಅಜ್ಜಿಯರು, ಅಕ್ಕಂದಿರು ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಮ್ಮ ಬರೆಯುವುದನ್ನು ನೋಡಿ ನೋಡಿ ಕೈ ಕುದುರಿಸಿಕೊಂಡವರು. ಅವರ ಕೆಲಸ ಊರವರಿಗೆ ತೋರಿಸೋಕೆ ದೊಡ್ಡ ಗ್ಯಾಲರಿ ಬೇಡ. ಶಾಲೆಯ ಒಂದು ಕೊಠಡಿ ಸಾಕು.

ಮಳೆಗಾಲ ಬೇಡವೇ ಬೇಡ. ಬಿಳಿ ಬಣ್ಣ ಅಂದರೆ ಅಕ್ಕಿ ಹಿಟ್ಟು, ನಮ್ಮ ಥಂಡಿಗೆ ಬೂಷ್ಟು ಹಿಡಿಯುತ್ತದೆ. ಕೊಯ್ಲು, ಒಕ್ಕಲು ಮುಗಿಯುವ ತನಕ ಅವರಿಗೂ ಪುರುಸೊತ್ತಿಲ್ಲ. ಫೆಬ್ರವರಿಗೆ ಇಟ್ಟುಕೊಳ್ಳಿ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯನ್ನೂ ಇಡುವುದಾದರೆ ಭೂಮಿ ಹುಣ್ಣಿಮೆಗೆ ಮುಂಚೆಯೇ ಮಾತಾಡಿಡಿ. ಅದು ಗದ್ದೆಗೆ ಎಡೆ ಹೊತ್ತು ಹೋಗುವ ಬುಟ್ಟಿ, ಹಬ್ಬ ಮುಗಿದ ಮೇಲಷ್ಟೇ ಇಸ್ಕೊಳ್ಳಿ.

ಅಂಗಡಿ ಬಣ್ಣ, ಬ್ರಷ್ಷು ತಂದುಕೊಡಬೇಡಿ. ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಬರೆಯೋಕೆ ಪುಂಡಿ ನಾರು. ಇವನ್ನೆಲ್ಲ ಅವರೇ ಹೊಂದಿಸಿಕೊಳ್ಳುತ್ತಾರೆ, ನೀವು ಖರ್ಚು ಕೊಟ್ಟರೆ ಆಯ್ತು. ಒಂದು ಬಿದಿರು ತಟ್ಟಿಗೆ ತೆಳ್ಳಗೆ ಮಣ್ಣು ಮೆತ್ತಿ, ಚೆನ್ನಾಗಿ ಒಣಗಿಸಿ, ಕೆಮ್ಮಣ್ಣು ಬಳಿದು ಕೊಠಡಿಯ ನಡುವೆ ನಿಲ್ಲಿಸಿ. ದಪ್ಪ ಮೆತ್ತಿದರೆ ಬಿರುಕು ಬಿಡುತ್ತದೆ. ಜನರ ಎದುರೇ ಅವರು ಬರೆಯಲಿ. ಬಿಳಿಯಲ್ಲಿ ಅದ್ದಿದ ನಾರನ್ನು ತಟ್ಟಿ ಮೇಲೆ ಮಲಗಿಸಿ, ಉಸಿರು ಹಿಡಿದು ಎಳೆಯುತ್ತಾರೆ. ಸ್ಕೇಲಿಲ್ಲ, ಪೆನ್ಸಿಲ್ ಗುರುತಿಲ್ಲ, ಆದರೂ ಎಳೆ ಪಕ್ಕ ಎಳೆ ಕೂತುಕೊಳ್ಳುತ್ತದೆ. ಮಕ್ಕಳನ್ನು ಹತ್ತಿರದಲ್ಲೇ ಚಾಪೆ ಹಾಕಿ ಕೂರಿಸಿ.

ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು ಹೆಸರಿನ ಚೀಟಿಗೆ. ನಾನು ನೋಡಿದ ಒಂದು ಪ್ರದರ್ಶನದಲ್ಲಿ ಎಲ್ಲದರ ಕೆಳಗೂ ಸುಮ್ನೆ ‘ಜಾನಪದ ಕಲೆ’ ಅಂತ ಬರೆದಿದ್ದರು. ಚಿತ್ತಾರ ಬರೆದ ಅಜ್ಜಿ ಚೀಟಿಯಿಂದ ಚೀಟಿಗೆ ಮೊಮ್ಮಗಳ ಹತ್ತಿರ ಓದಿಸುತ್ತಾ ಹೋದರು, ಅವರ ಹೆಸರು ಎಲ್ಲೂ ಇರಲಿಲ್ಲ. ಹೊಟ್ಟೆ ಉರಿಯಿತು. ಚಂಡೀಗಢದ ನೇಕ್ ಚಂದ್ ಕೂಡ ಕಲಾಶಾಲೆಯವರಲ್ಲ, ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವರು. ಒಡೆದ ಬಳೆ, ಪಿಂಗಾಣಿ ಚೂರು ಆರಿಸಿ, ಕಾಡಿನ ಮರೆಯಲ್ಲಿ ಯಾರಿಗೂ ಹೇಳದೆ ಕಟ್ಟಿದ ಅವರ ಶಿಲ್ಪಗಳ ತೋಟ, ರಾಕ್ ಗಾರ್ಡನ್, 1976ರಲ್ಲಿ ಜನರಿಗೆ ತೆರೆಯಿತು, ಇವತ್ತು ಅಲ್ಲಿಗೆ ಹೋದವರಿಗೆಲ್ಲ ಅವರ ಹೆಸರು ಗೊತ್ತು. ನಮ್ಮ ಅಜ್ಜಿಯ ಹೆಸರೂ ಗೊತ್ತಾಗಬೇಕು ಅಲ್ವಾ? ಅವರನ್ನೇ ಕೇಳಿ, ಹೆಸರು, ಊರು, ಯಾರಿಂದ ಕಲಿತದ್ದು ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ.

ಮಾರುವುದಾದರೆ ಬೆಲೆ ಅವರೇ ಹೇಳಲಿ. ಬಸ್ ಚಾರ್ಜು, ದಿನದ ಕೂಲಿ ಬೇರೆಯೇ ಕೊಡಿ. ಪ್ರದರ್ಶನ ಮುಗಿದ ಮೇಲೆ ತಟ್ಟಿ ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಅವರನ್ನೇ ಕೇಳಿ, ಮನೆಗೆ ಅಂದರೆ ಪಿಕಪ್ ಗಾಡಿ ಮಾಡಿ ಜಗಲಿಗೆ ಮುಟ್ಟಿಸಿ ಬನ್ನಿ.