ಜಾಝ್ ಕೇಳೋಕೆ ಎಲ್ಲಿಂದ ಶುರು ಮಾಡೋದು?

ಯೂಟ್ಯೂಬ್‌ನಲ್ಲಿ ಬರೀ 'ಜಾಝ್' ಅಂತ ಹುಡುಕಿದರೆ ಗಂಟೆಗಟ್ಟಲೆ ಒಂದೇ ಸಮ ಹರಿಯುವ ಪಿಯಾನೋ ಸಿಗುತ್ತದೆ. ಜೊತೆಗೆ ಮಳೆ ಸದ್ದು, ಹಬೆಯಾಡುವ ಕಾಫಿ ಕಪ್ಪಿನ ಚಿತ್ರ. ಓದುವಾಗ ಸುಮ್ನೆ ಹಾಕಿಕೊಳ್ಳೋಕೆ ಪರವಾಗಿಲ್ಲ. ಆದರೆ ಅದನ್ನು ಕೇಳಿ 'ಜಾಝ್ ಅಂದ್ರೆ ಇಷ್ಟೇನಾ' ಅಂತ ಕೈಬಿಡಬೇಡಿ. ರಾಮನವಮಿ ಪೆಂಡಾಲಿನಲ್ಲಿ ಕೂತು ಕಚೇರಿ ಕೇಳಿದವರಿಗೆ, ಜಾತ್ರೆಯಲ್ಲಿ ತಮಟೆ ಸದ್ದಿಗೆ ಹೆಜ್ಜೆ ಹಾಕಿದವರಿಗೆ ಈ ಸಂಗೀತ ಅಷ್ಟೇನೂ ದೂರದ್ದಲ್ಲ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವವರಾದರೆ ಹೋಗುವಾಗ ಒಂದು, ಬರುವಾಗ ಒಂದು ಆಲ್ಬಂ ಆರಾಮಾಗಿ ಮುಗಿಯುತ್ತದೆ.

ಮೊದಲು ಒಂದು ಇಯರ್‌ಫೋನ್ ಇಟ್ಟುಕೊಳ್ಳಿ. ದುಬಾರಿಯದ್ದೇ ಆಗಬೇಕಿಲ್ಲ. ಜಾಝ್‌ನಲ್ಲಿ ನಡೆಯನ್ನು ಹಿಡಿದಿಡುವುದು ಆಳೆತ್ತರದ ತಂತಿವಾದ್ಯ ಡಬಲ್ ಬೇಸ್. ಫೋನಿನ ಸ್ಪೀಕರ್‌ನಲ್ಲಿ ಅದರ ನಾದ ಹೆಚ್ಚುಕಮ್ಮಿ ಕೇಳಿಸುವುದೇ ಇಲ್ಲ. ಬೇಸ್ ಕೇಳಿಸದಿದ್ದರೆ ಮಿಕ್ಕವರೆಲ್ಲ ತಮಗೆ ತೋಚಿದ್ದು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ಹಾಗೇ ಶಫಲ್ ಬಟನ್ ಆಫ್ ಮಾಡಿ.

ಒಂದೇ ಒಂದು ಹಾಡಿನಿಂದ ಶುರು

ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಹುಡುಕಿ. 1959ರಲ್ಲಿ ನ್ಯೂಯಾರ್ಕ್‌ನಲ್ಲಿ ಎರಡೇ ದಿನದಲ್ಲಿ ರೆಕಾರ್ಡ್ ಆದ ಆಲ್ಬಂ ಇದು. ಇರುವುದು ಐದೇ ಹಾಡು, ಯಾವುದರಲ್ಲೂ ಸಾಹಿತ್ಯ ಇಲ್ಲ. ಮೊದಲನೆಯದು 'ಸೋ ವಾಟ್', ಸುಮಾರು ಒಂಬತ್ತು ನಿಮಿಷದ್ದು. ಸದ್ಯಕ್ಕೆ ಅದೊಂದೇ ಸಾಕು.

ಶುರುವಿನಲ್ಲಿ ಪಿಯಾನೋ, ಬೇಸ್ ಮೆಲ್ಲಗೆ ತಡಕಾಡುತ್ತವೆ, ತಾಳ ಇನ್ನೂ ಹತ್ತಿರುವುದಿಲ್ಲ. ಆಮೇಲೆ ಬೇಸ್ ಒಂದು ಸಾಲು ನುಡಿಸುತ್ತದೆ. ಮಿಕ್ಕವರು ಎರಡೇ ಏಟಿನಲ್ಲಿ ಉತ್ತರ ಕೊಡುತ್ತಾರೆ. ಈ ಪ್ರಶ್ನೆ-ಉತ್ತರವೇ ಇಲ್ಲಿನ ಪಲ್ಲವಿ. ಸಂಗೀತ ಕಲಿತವರು ಇದ್ದರೆ ಸ್ವರಗಳನ್ನು ಗಮನಿಸಿ: ಬಳಸಿರುವುದು ನಮ್ಮ ಖರಹರಪ್ರಿಯ ರಾಗದ ಸ್ವರಗಳನ್ನೇ. ಗಮಕ ಇಲ್ಲ, ಅಷ್ಟೆ. ನಾಲ್ಕು ಏಟಿಗೆ ಒಂದು ಬಾರ್ ಅಂತ ಎಣಿಸಿದರೆ 16 ಬಾರ್ ಇದೇ ಸ್ವರಗಳು. ಮುಂದಿನ 8 ಬಾರ್ ಇಡೀ ಶ್ರುತಿಯನ್ನೇ ಅರ್ಧ ಮನೆ ಮೇಲಕ್ಕೆ ಎತ್ತಿದ ಹಾಗೆ. ಮತ್ತೆ 8 ಬಾರ್ ಮೊದಲಿನ ಜಾಗಕ್ಕೆ. ಹೀಗೆ 32 ಬಾರ್‌ಗೆ ಒಂದು ಸುತ್ತು. ಕೊನೆಯವರೆಗೂ ಇದೇ ಸುತ್ತು ತಿರುಗುತ್ತಿರುತ್ತದೆ.

ಒಂದೂವರೆ ನಿಮಿಷದ ಹೊತ್ತಿಗೆ ಡ್ರಮ್ಮಿನ ತಟ್ಟೆ 'ಝಲ್' ಅನ್ನುತ್ತದೆ. ಅಲ್ಲಿಂದ ಡೇವಿಸ್ ಅವರ ಟ್ರಂಪೆಟ್ಟಿನ ಮನೋಧರ್ಮ, ಅಂದರೆ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುವುದು. ಅವರದು ಮಿತಭಾಷಿ ಶೈಲಿ. ಸ್ವರಕ್ಕಿಂತ ಬಿಡುವೇ ಜಾಸ್ತಿ. ಅವರಾದ ಮೇಲೆ ಜಾನ್ ಕೋಲ್ಟ್ರೇನ್ ಸ್ಯಾಕ್ಸೋಫೋನ್ ಹಿಡಿದು ಅದೇ 32 ಬಾರ್ ಒಳಗೆ ರಾಶಿ ರಾಶಿ ಸ್ವರ ತುಂಬುತ್ತಾರೆ. ಮೂರನೆಯವರು ಕ್ಯಾನನ್‌ಬಾಲ್ ಆಡರ್ಲಿ, ಅವರದ್ದೂ ಸ್ಯಾಕ್ಸೋಫೋನೇ, ಆದರೆ ದನಿ ತೆಳು, ಸ್ವಭಾವ ತುಂಟ. ಒಂದೇ ಪಲ್ಲವಿ, ಮೂರು ಮನುಷ್ಯರು. ಈ ಮೂವರನ್ನು ಬೇರೆ ಬೇರೆಯಾಗಿ ಗುರುತಿಸೋಕೆ ಬಂದ ದಿನ ನೀವು ಜಾಝ್ ಕೇಳುಗರಾದಿರಿ ಅಂತಲೇ ಲೆಕ್ಕ. ಒಂದು ಸಲಕ್ಕೆ ಬರೋದಿಲ್ಲ. ಒಂದು ವಾರ ಇದನ್ನೇ ಕೇಳಿ, ಪ್ರತಿ ಸಲ ಒಂದೇ ವಾದ್ಯದ ಹಿಂದೆ ಹೋಗಿ.

ಇನ್ನು ತಾಳ

ಒಂದು-ಎರಡು-ಮೂರು-ನಾಲ್ಕು ಅಂತ ಎಣಿಸುತ್ತಾ ಎರಡಕ್ಕೂ ನಾಲ್ಕಕ್ಕೂ ಚಿಟಿಕೆ ಹೊಡೆಯಿರಿ. ಸಮಕ್ಕೆ, ಅಂದರೆ ಮೊದಲ ಏಟಿಗೆ, ತಟ್ಟಿ ಅಭ್ಯಾಸವಾದ ನಮ್ಮ ಕೈ ಮೊದಮೊದಲು ಒಪ್ಪುವುದಿಲ್ಲ. ತಮಟೆಯವರಿಗೆ ಇದು ಹೊಸದಲ್ಲ, ಏಟಿನ ನಡುವೆ ಏಟು ಸೇರಿಸುವುದೇ ಅವರ ಕಸುಬು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ತಮಟೆ ಕೇಳಿದವರು ಜಾಝ್ ಡ್ರಮ್ಮಿಗೆ ಬೇಗ ಒಗ್ಗಿಕೊಳ್ಳುತ್ತಾರೆ ಅನ್ನುವುದು ನನ್ನ ನಂಬಿಕೆ.

ಎರಡನೇ ವಾರಕ್ಕೆ ಡೇವ್ ಬ್ರೂಬೆಕ್ ತಂಡದ 'ಟೇಕ್ ಫೈವ್'. ಇದೂ 1959ರದ್ದೇ. ಬರೆದವರು ತಂಡದ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್. ಐದು ಏಟಿನ ತಾಳ. ನಮ್ಮ ಖಂಡ ಛಾಪು ತಾಳವನ್ನು ಎರಡು-ಮೂರು ಅಂತ ಒಡೆದರೆ ಇದು ಮೂರು-ಎರಡು. ನಡುವೆ ಜೋ ಮೊರೆಲ್ಲೋ ಅವರ ಡ್ರಮ್ಮಿನ ತನಿ, ಅಂದರೆ ಡ್ರಮ್ಮಿಗೇ ಮೀಸಲಾದ ಭಾಗ, ಬರುತ್ತದೆ. ಹಿಂದೆ ಪಿಯಾನೋ ಅದೇ ಐದನ್ನು ಬಿಡದೆ ಹಿಡಿದಿರುತ್ತದೆ. ತಾಳ ಹಾಕುತ್ತಾ ಕೇಳಿ, ಎಲ್ಲಿಯೂ ತಪ್ಪಿಹೋಗುವುದಿಲ್ಲ. ಈ ಬ್ರೂಬೆಕ್ ತಂಡ 1958ರಲ್ಲಿ ಭಾರತಕ್ಕೂ ಬಂದು ಹೋಗಿತ್ತು.

ಹಾಡು ಬೇಕು ಅನ್ನುವವರಿಗೆ

ಎಲ್ಲಾ ಫಿಟ್ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಜೋಡಿಯ 1956ರ 'ಎಲ್ಲಾ ಅಂಡ್ ಲೂಯಿ' ಹಾಕಿಕೊಳ್ಳಿ. ಆಕೆಯದು ನುಣುಪಾದ ದನಿ, ಆತನದು ಗೊಗ್ಗರು. ಮನೆಯವರು 'ಇದೇನಿದು' ಅಂತ ಕೇಳದ ಏಕೈಕ ಜಾಝ್ ಇದು ಅಂತ ಧೈರ್ಯವಾಗಿ ಹೇಳಬಹುದು.

ಆಮೇಲೆ ಒಂದು ಆಟ. ಜಾರ್ಜ್ ಗರ್ಶ್ವಿನ್ ತಮ್ಮ 1935ರ ಒಪೆರಾಗೆ ಮಾಡಿದ ಜೋಗುಳ 'ಸಮ್ಮರ್‌ಟೈಮ್'. ಇದನ್ನು ಎಲ್ಲಾ-ಲೂಯಿ ಹಾಡಿದ್ದಾರೆ, ಮೈಲ್ಸ್ ಡೇವಿಸ್ ನುಡಿಸಿದ್ದಾರೆ, ಕೋಲ್ಟ್ರೇನ್ ತಮ್ಮ 1961ರ 'ಮೈ ಫೇವರಿಟ್ ಥಿಂಗ್ಸ್' ಆಲ್ಬಂನಲ್ಲಿ ನುಡಿಸಿದ್ದಾರೆ. ಮೂರನ್ನೂ ಇದೇ ಕ್ರಮದಲ್ಲಿ ಕೇಳಿ. ಕೋಲ್ಟ್ರೇನ್ ಹತ್ತಿರ ಬರುವಾಗ ಮಗು ಮಲಗುವ ಮಾತೇ ಇಲ್ಲ!

ನಮ್ಮ ಕಡೆಯವರು

ಮದುವೆ ಮನೆಯಲ್ಲಿ ಓಲಗದ ಜಾಗದಲ್ಲಿ ಸ್ಯಾಕ್ಸೋಫೋನ್ ಕೇಳಿರುತ್ತೀರಿ, ಅಲ್ವಾ? ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥ್ ಅವರು ಅಮೆರಿಕದ ಜಾಝ್ ಕಲಾವಿದ ರುದ್ರೇಶ್ ಮಹಂತಪ್ಪ ಜೊತೆ ಮಾಡಿದ ಆಲ್ಬಂ 'ಕಿನ್ಸ್‌ಮೆನ್', 2008ರದ್ದು. ಅದಕ್ಕೂ ಮುಂಚೆ, 1983ರಲ್ಲಿ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 'ಜ್ಯೋತಿ' ತಂದಿತು. ಆರ್.ಎ. ರಮಾಮಣಿ ಅವರ ಹಾಡುಗಾರಿಕೆ, ಟಿ.ಎ.ಎಸ್. ಮಣಿ ಅವರ ಮೃದಂಗ. ಎರಡರಲ್ಲಿ ಒಂದನ್ನೇ ಆರಿಸು ಅಂದರೆ ನಾನು 'ಜ್ಯೋತಿ' ಅನ್ನುತ್ತೇನೆ. ಅದರಲ್ಲಿ ಯಾರಿಗೂ ಅವಸರ ಇಲ್ಲ.

ಎಲ್ಲಾದರೂ ಲೈವ್ ಕೇಳಲು ಹೋದರೆ ಒಬ್ಬೊಬ್ಬರ ಸೋಲೋ ಮುಗಿದಾಗಲೂ ಚಪ್ಪಾಳೆ ತಟ್ಟಬಹುದು. ಹಾಡು ಮುಗಿಯಲಿ ಅಂತ ಕಾಯಬೇಕಿಲ್ಲ.

ಸದ್ಯಕ್ಕೆ ಮುಟ್ಟಬೇಡದ್ದು ಆರ್ನೆಟ್ ಕೋಲ್ಮನ್ ಅವರ 'ಫ್ರೀ ಜಾಝ್' ಆಲ್ಬಂ, ಮತ್ತೆ ಕೋಲ್ಟ್ರೇನ್ ಅವರ ಕೊನೆಯ ವರ್ಷಗಳದ್ದು. ಮೊದಲನೆಯದರಲ್ಲಿ ಎರಡು ತಂಡ ಒಟ್ಟಿಗೆ ಅರ್ಧ ಗಂಟೆಗೂ ಮೀರಿ ನುಡಿಸುತ್ತವೆ, ಒಂದು ಎಡಗಿವಿಗೆ, ಇನ್ನೊಂದು ಬಲಗಿವಿಗೆ. ಆರು ತಿಂಗಳು ಬಿಟ್ಟು ಕೇಳಿ. ಆಗಲೂ ತಲೆನೋವು ಬಂದರೆ ಅಲ್ಲಿಗೇ ನಿಲ್ಲಿಸಿ, ಬಹಳ ಕಾಲ ಜಾಝ್ ಕೇಳಿದವರಲ್ಲೂ ಅದನ್ನು ಪೂರ್ತಿ ಕೇಳದವರು ಇದ್ದಾರೆ.