ಹಳೇ ಜಪಾನ್ ಇಂಪೋರ್ಟ್ ಕಾರು, ವಿ5ಸಿಯಲ್ಲಿ ಒಂದು ಖಾಲಿ ಜಾಗ

ನಾವಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಅಪ್ಪ ಅಮ್ಮ ದಾವಣಗೆರೆಯಿಂದ ಆರು ತಿಂಗಳಿಗೆ ಬರ್ತಾರೆ ಅಂತಾದಾಗ ಐದು ಸೀಟಿನ ಕಾರು ಸಾಲ್ದು ಅಂತ ಏಳೆಂಟು ಸೀಟಿನ ಹಳೇ ಗಾಡಿ ಹುಡುಕೋಕೆ ಶುರು ಮಾಡಿದೆ. ಮೊದ್ಲು ಸಿಕ್ಕಿದ್ದು ಇಲ್ಲೇ ಹೊಸದಾಗಿ ಮಾರಿದ್ದ 2007ರ ದೊಡ್ಡ ಪೆಟ್ರೋಲ್ ಗಾಡಿ, ರೇಟ್ ಚೆನ್ನಾಗಿತ್ತು, ಆದ್ರೆ ಲಾಗ್‌ಬುಕ್‌ನಲ್ಲಿ (ಅದೇ ವಿ5ಸಿ, ನಮ್ಮೂರ ಆರ್‌ಸಿ ಇದ್ದಂಗೆ) ಕಾರ್ಬನ್ ಹೊಗೆ ಕಿಲೋಮೀಟರ್‌ಗೆ 267 ಗ್ರಾಂ ಅಂತಿತ್ತು. 255 ದಾಟಿದ್ರೆ ವರ್ಷಕ್ಕೆ 760 ಪೌಂಡ್ ರೋಡ್ ಟ್ಯಾಕ್ಸ್ ಇತ್ತು, ಇದು 2025ರ ಏಪ್ರಿಲ್‌ನಲ್ಲಿ ಬಂದಿದ್ದ ರೇಟು. ಊರಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಒಂದ್ಸಲ ಕಟ್ಟಿ ಮರ್ತುಬಿಡೋ ನಮಗೆ ಇದು ಪ್ರತಿ ವರ್ಷದ ತಲೆನೋವು, ಹಾಗಾಗಿ ಬಿಟ್ಟೆ.

ಆಮೇಲೆ ಲೆಸ್ಟರ್‌ನಲ್ಲಿ ಒಂದು ಟೊಯೋಟಾ ಎಸ್ಟಿಮಾ ಸಿಕ್ತು, ಅದೂ 2007ರದ್ದೇ, 2.4 ಪೆಟ್ರೋಲ್, ಜಪಾನ್‌ನಲ್ಲಿ ಓಡಿ 2015ರಲ್ಲಿ ಇಲ್ಲಿಗೆ ಬಂದಿದ್ದು. ಇಂಪೋರ್ಟ್ ಅಂದ್ರೆ ಟ್ಯಾಕ್ಸ್ ಇನ್ನೂ ಜಾಸ್ತಿ ಇರುತ್ತೆ ಅಂತ ನಾನು ಅಂದ್ಕೊಂಡಿದ್ದೆ, ಆದ್ರೆ ಹಾಸನದ ಗೆಳೆಯ ಒಬ್ಬ, ಅವನ ಹತ್ರ ಇಂಥದ್ದೇ ಇದೆ, "ವಿ5ಸಿ ಫೋಟೋ ತರಿಸ್ಕೊಂಡು ನೋಡೋ ಮಾರಾಯ, ಕಾರಿನ ವಯಸ್ಸು ಅಲ್ಲ" ಅಂದ. ತರಿಸಿ ನೋಡಿದ್ರೆ ಕಾರ್ಬನ್ ಬರೆಯೋ ವಿ.7 ಜಾಗ ಖಾಲಿ, ಟ್ಯಾಕ್ಸೇಶನ್ ಕ್ಲಾಸ್ ಅನ್ನೋ ಕಡೆ ಪೆಟ್ರೋಲ್ ಕಾರ್ ಅಂತಿರದೆ ಪ್ರೈವೇಟ್/ಲೈಟ್ ಗೂಡ್ಸ್ ಅಂತಿತ್ತು. ಜಪಾನ್‌ಗಂತ ಮಾಡಿದ ಗಾಡಿಗೆ ಇಲ್ಲಿನ ಕಾರ್ಬನ್ ಲೆಕ್ಕ ಇಲ್ಲದೇ ಇರೋದ್ರಿಂದ ಟ್ಯಾಕ್ಸ್ ಇಂಜಿನ್ ಸೈಜ್ ಮೇಲೆ. 2025ರ ಆ ರೇಟಲ್ಲಿ 1549 ಸಿಸಿ ಒಳಗಿದ್ರೆ ವರ್ಷಕ್ಕೆ 220 ಪೌಂಡ್, ಮೇಲಿದ್ರೆ 360 ಇತ್ತು. ನಂದು 2362 ಸಿಸಿ, 360 ಆಯ್ತು. 1.5 ಇಂಜಿನ್‌ನ ಹಳೇ ಟೊಯೋಟಾ ಸಿಯೆಂಟಾ ತಗೊಂಡವರಿಗೆ ಆಗ 220ರಲ್ಲೇ ಏಳು ಸೀಟು, ಆದ್ರೆ ಹಿಂದಿನ ಸೀಟಲ್ಲಿ ಅಪ್ಪನ ಮಂಡಿ ಹಿಡಿಯಲ್ಲ.

ನಾನು ಎಡವಿದ್ದು ತಗೊಂಡ ದಿನ. ಮಾರಿದವನು "ಟ್ಯಾಕ್ಸ್ ನವೆಂಬರ್ ತನಕ ಇದೆ" ಅಂತ ಜಾಹೀರಾತಲ್ಲಿ ಹಾಕಿದ್ದ, ನಾನೂ ಖುಷಿಯಾಗಿ ಜೂನ್ 28, ಶನಿವಾರ, ಹೋದೆ. ಆದ್ರೆ 2014ರ ಅಕ್ಟೋಬರ್‌ನಿಂದ ಟ್ಯಾಕ್ಸ್ ಕಾರಿನ ಜೊತೆ ಬರಲ್ಲ. ಅವನು ಆನ್‌ಲೈನ್‌ನಲ್ಲಿ ಮಾರಾಟ ತಿಳಿಸಿದ ತಕ್ಷಣ ಅವನ ಟ್ಯಾಕ್ಸ್ ಮುಗೀತು, ಉಳಿದ ಪೂರ್ತಿ ತಿಂಗಳುಗಳ ದುಡ್ಡು ಅವನಿಗೇ ವಾಪಸ್. ಅವನ ಮನೆ ಮುಂದೆ ನಿಂತ್ಕೊಂಡು, ವಿ5ಸಿಯ ಹಸಿರು ಚೀಟಿಯಲ್ಲಿರೋ 12 ಅಂಕಿ ಫೋನಲ್ಲಿ ಹೊಡೆದು ಟ್ಯಾಕ್ಸ್ ಕಟ್ಟಿ, ಆಮೇಲೆ ಗಾಡಿ ತೆಗೆದೆ. ನನ್ನ ಟ್ಯಾಕ್ಸ್ ಜೂನ್ 1ರಿಂದ ಲೆಕ್ಕ! ಮೂರು ದಿನಕ್ಕೆ ಮೂವತ್ತು ಪೌಂಡ್. ಜುಲೈ 1ಕ್ಕೆ ಹೋಗಿದ್ರೆ ಉಳೀತಿತ್ತು. ಕಂತಲ್ಲಿ ಕಟ್ಟೋರಿಗೆ ಒಂದು ಮಾತು, ತಿಂಗಳ ಡೈರೆಕ್ಟ್ ಡೆಬಿಟ್ ಅಂದ್ರೆ 5 ಪರ್ಸೆಂಟ್ ಜಾಸ್ತಿ, 360 ಹೋಗಿ 378 ಆಗ್ತಿತ್ತು, ನಾನು ಒಂದೇ ಸಲ ಕಟ್ಟಿದೆ.

ಟ್ಯಾಕ್ಸ್ ಉಳಿಸಿದ ಆ ಖಾಲಿ ಜಾಗದ ತಮ್ಮ ಇನ್ನೊಂದಿದೆ ಅಂತ ಗೊತ್ತಾಗಿದ್ದು ಅಪ್ಪ ಅಮ್ಮನ್ನ ಹೀಥ್ರೋದಿಂದ ಕರ್ಕೊಂಡು ಬರೋವಾಗ. 2023ರ ಆಗಸ್ಟ್‌ನಿಂದ ಲಂಡನ್‌ನ ಯೂಲೆಜ್, ಅಂದ್ರೆ ಜಾಸ್ತಿ ಹೊಗೆ ಬಿಡೋ ಗಾಡಿಗಳು ದುಡ್ಡು ಕಟ್ಟಬೇಕಾದ ವಲಯ, ಏರ್‌ಪೋರ್ಟ್‌ವರೆಗೂ ಬಂದಿದೆ, ದಿನಕ್ಕೆ 12.50 ಪೌಂಡ್. ಪೆಟ್ರೋಲ್ ಗಾಡಿ, ಹೊಗೆಯಲ್ಲಿ ಯೂರೋಪಿನ ಯೂರೋ 4 ಮಟ್ಟ ಇದ್ರೆ ಕಟ್ಟಬೇಕಿಲ್ಲ, ಆದ್ರೆ ನನ್ನ ರೆಕಾರ್ಡಲ್ಲಿ ಯೂರೋ ಲೆಕ್ಕವೂ ಇಲ್ಲ, ನಂಬರ್ ಹಾಕಿ ನೋಡಿದ್ರೆ ಕಟ್ಟಿ ಅಂತ ಬಂತು. ಹೊಗೆಯ ಅಳತೆ ತೋರಿಸೋ ಕಾಗದ ಹುಡುಕಿ ಕಳಿಸಿದೀನಿ. ಉತ್ತರ ಬರೋ ತನಕ ಲಂಡನ್‌ಗೆ ಟ್ರೇನೇ. ಅಮ್ಮಂಗೆ ಅದೇ ಇಷ್ಟ, ಈ ಕಾರು ಸ್ಟಾರ್ಟ್ ಮಾಡಿದಾಗೆಲ್ಲ ಜಪಾನಿ ಭಾಷೆಯಲ್ಲಿ ಏನೋ ಬೈಯುತ್ತೆ ಅಂತಾಳೆ.