ಕರಾವಳಿಯಲ್ಲಿದ್ದೇ ಐಸ್ ಹಾಕಿ ಗೋಲ್‌ಕೀಪಿಂಗ್‌ಗೆ ತಯಾರಾಗುವುದು

ಮಂಗಳೂರು, ಉಡುಪಿಯ ಸೆಕೆಯಲ್ಲಿ ಕೂತು ಐಸ್ ಹಾಕಿ ಗೋಲ್‌ಕೀಪರ್ ಆಗಲು ತಯಾರಿ ನಡೆಸಬಹುದೇ? ದೊಡ್ಡ ಪಾಲು ನಡೆಸಬಹುದು. ಐಸ್ ಮೇಲೆಯೇ ಕಲಿಯಬೇಕಾದ್ದು ಸ್ಕೇಟ್ ಬ್ಲೇಡಿನ ಅಂಚಿನ ಮೇಲಿನ ಹಿಡಿತವನ್ನು ಮಾತ್ರ. ಎಲ್ಲಿ ನಿಲ್ಲಬೇಕು, ಕಣ್ಣು ಎಲ್ಲಿರಬೇಕು, ಸೊಂಟದ ಕೀಲು ಎಷ್ಟು ತಿರುಗಬೇಕು, ಮೊಣಕಾಲೂರಿದ ಮೇಲೆ ಯಾವ ಕಾಲಿನಿಂದ ಏಳಬೇಕು ಎಂಬುದೆಲ್ಲ ಮನೆಯಂಗಳದಲ್ಲೇ ಮೈಗೂಡುವ ವಿಷಯ. ಲೇಹ್‌ನಲ್ಲಿ ಸಹಜ ಮಂಜುಗಡ್ಡೆ ಸಿಗುವುದು ಚಳಿಗಾಲದ ಎರಡು-ಎರಡೂವರೆ ತಿಂಗಳು. ಡೆಹ್ರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಕಟ್ಟಿದ ಒಳಾಂಗಣ ರಿಂಕ್ ಇದೆ. ಎರಡೂ ಇಲ್ಲಿಂದ ದೂರ, ಖರ್ಚೂ ಜೋರು. ಅಷ್ಟು ಕಷ್ಟಪಟ್ಟು ಹೋಗಿ, ಊರಲ್ಲೇ ಕಲಿಯಬಹುದಾದ್ದನ್ನು ಅಲ್ಲಿ ಕಲಿಯುತ್ತ ನಿಂತರೆ ಐಸ್‌ನ ಹೊತ್ತು ದಂಡವಾಗುತ್ತದೆ.

ಹಗ್ಗ ಹಿಡಿದು ಜಾಗ ಕಲಿಯಿರಿ

ಗೋಲಿನ ಅಗಲ 183 ಸೆಂ.ಮೀ., ಎತ್ತರ 122 ಸೆಂ.ಮೀ. ಒಂದೂವರೆ ಇಂಚಿನ ಪಿವಿಸಿ ಪೈಪಿನಲ್ಲಿ ಇದೇ ಅಳತೆಯ ಚೌಕಟ್ಟು ಮಾಡಿಕೊಳ್ಳಿ. ಪೈಪಿನ ದಪ್ಪ ಬಿಟ್ಟು ಒಳಗಿನ ಅಳತೆ ಹಿಡಿಯಬೇಕು. ಎರಡೂ ಕಂಬಗಳ ಬುಡಕ್ಕೆ ಒಂದೊಂದು ಹಗ್ಗ ಕಟ್ಟಿ, ಎರಡನ್ನೂ 9 ಮೀಟರ್ ದೂರದಲ್ಲಿ ಒಂದು ಕಲ್ಲಿನಡಿ ಸೇರಿಸಿ. ಆ ಕಲ್ಲೇ ಪಕ್, ಅಂದರೆ ಐಸ್ ಹಾಕಿಯಲ್ಲಿ ಚೆಂಡಿನ ಬದಲು ಆಡುವ ಚಪ್ಪಟೆ ರಬ್ಬರ್ ಬಿಲ್ಲೆ.

ಈಗ ಗೋಲ್ ಗೆರೆಯ ಮೇಲೆ ನಿಂತರೆ ನೀವು ಕಾಯಬೇಕಾದ ಅಗಲ ಪೂರ್ತಿ 183 ಸೆಂ.ಮೀ. ಅಲ್ಲಿಂದ 1.8 ಮೀಟರ್ ಮುಂದೆ ಬನ್ನಿ, ಅಂದರೆ ಗೋಲಿನ ಮುಂದೆ ಗೆರೆ ಎಳೆದು ಗುರುತಿಸಿದ ಜಾಗವಾದ ಕ್ರೀಸಿನ ತುದಿಗೆ. ಹಗ್ಗಗಳ ನಡುವೆ ಉಳಿಯುವುದು 146 ಸೆಂ.ಮೀ. ಮೇಲಿನ ಅಡ್ಡಕಂಬದಿಂದಲೂ ಒಂದು ಹಗ್ಗ ಎಳೆದರೆ, ಅದೇ ಜಾಗದಲ್ಲಿ 122 ಇದ್ದದ್ದು 98ಕ್ಕೆ ಇಳಿದಿರುತ್ತದೆ. ಕೈಕಾಲು ಒಂದಿಷ್ಟೂ ಚುರುಕಾಗದೆ, ಬರೀ ಎರಡು ಹೆಜ್ಜೆಯಿಂದ ಇಷ್ಟು ಉಳಿತಾಯ. ಗಂಟೆಗೆ 100 ಕಿ.ಮೀ. ವೇಗದ ಪಕ್ 9 ಮೀಟರ್ ದಾಟಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಕಣ್ಣು ಕಂಡು ಕೈ ಕದಲುವಷ್ಟರಲ್ಲಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ಹಾಗಾಗಿ ನಿಲ್ಲುವ ಜಾಗವೇ ಮೊದಲ ತಡೆ.

ಹಾಗೆಂದು ಯಾವಾಗಲೂ ಮುಂದೆ ಓಡಬಾರದು. ಎದುರಾಳಿ ಒಬ್ಬನೇ ಇದ್ದರೆ ಮುಂದೆ ಬರುವುದು ಸರಿ. ಪಕ್ಕದಲ್ಲಿ ಪಾಸ್‌ಗೆ ಕಾದು ನಿಂತ ಇನ್ನೊಬ್ಬನಿದ್ದರೆ, ಮುಂದೆ ಬಂದಷ್ಟೂ ನೀವು ಅಡ್ಡಕ್ಕೆ ಸರಿಯಬೇಕಾದ ದೂರ ಹೆಚ್ಚುತ್ತದೆ. ಪಾಸ್ ನಿಮಗಿಂತ ಮೊದಲೇ ಅತ್ತ ತಲುಪುತ್ತದೆ. ಆಗ ಅರ್ಧ ಮೀಟರ್ ಹಿಂದೆ ಇರಿ. ಹೊಸಬರಿಗೆ ಕ್ರೀಸಿನ ನಡುಭಾಗವೇ ಒಳ್ಳೆಯದು, ಅಲ್ಲಿಂದ ಎರಡೂ ಕಂಬ ಕೈಗೆಟಕುವ ಅಂದಾಜಿರುತ್ತದೆ.

ಇನ್ನೊಂದು ತಪ್ಪು ಹೆಚ್ಚುಕಡಿಮೆ ಎಲ್ಲರೂ ಮಾಡುವಂಥದ್ದು: ಹೊಡೆಯುವವನ ಎದೆಗೆ ಎದುರಾಗಿ ನಿಲ್ಲುವುದು. ಪಕ್ ಇರುವುದು ಅವನ ಕೋಲಿನ ತುದಿಯಲ್ಲಿ, ಮೈಯಿಂದ ಸುಮಾರು ಒಂದು ಮೀಟರ್ ಪಕ್ಕಕ್ಕೆ. ಕಲ್ಲಿನ ಜಾಗದಲ್ಲಿ ಮೊಬೈಲನ್ನು ನೆಲಕ್ಕಿಟ್ಟು ನಿಮ್ಮ ಫೋಟೊ ತೆಗೆಸಿಕೊಳ್ಳಿ. ನಿಂತವರ ಕಣ್ಣಿಗೆ ಕಾಣದ ಸಂದು ಅದರಲ್ಲಿ ಕಾಣುತ್ತದೆ, ಅದರಲ್ಲೂ ಗ್ಲೋವ್ ಕೈಯ ಕೆಳಗಿನದ್ದು ಮತ್ತು ಎರಡು ಪ್ಯಾಡ್‌ಗಳ ನಡುವಿನದ್ದು. ಕಲ್ಲನ್ನು ಎಡಕ್ಕೆ, ಬಲಕ್ಕೆ, ಗೋಲ್ ಗೆರೆಯ ಹತ್ತಿರಕ್ಕೆ ಸರಿಸುತ್ತ ಇದನ್ನೇ ಮಾಡಿ. ಕೊನೆಗೆ ಹಿಂದೆ ತಿರುಗಿ ನೋಡದೆ ಎರಡು ಹಗ್ಗಗಳ ನಟ್ಟನಡುವೆ ಬಂದು ನಿಲ್ಲುವುದು ರೂಢಿಯಾಗಬೇಕು.

ಗೋಡೆ, ಚೆಂಡು, ಕಣ್ಣು

ಮೊದಲು ಗಾರೆ ಮಾಡಿದ ನುಣುಪು ಗೋಡೆ. ಎರಡೂವರೆ ಮೀಟರ್ ದೂರದಲ್ಲಿ ನಿಲ್ಲುವ ಭಂಗಿಯಲ್ಲಿರಿ: ಪಾದಗಳು ಭುಜಕ್ಕಿಂತ ಅಗಲ, ಮೊಣಕಾಲು ಬಾಗಿ, ಭಾರ ಪಾದದ ಮುಂಭಾಗದ ಮೇಲೆ, ಎರಡೂ ಕೈ ಮೈಯಿಂದ ಮುಂದೆ. ಕೈಗಳು ಪಕ್ಕೆಗೆ ಅಂಟಿದ್ದರೆ ಚೆಂಡು ಬಂದದ್ದು ಕಣ್ಣಿನ ಅಂಚಿನಲ್ಲಷ್ಟೇ ಕಾಣುತ್ತದೆ. ಮುಂದಿದ್ದರೆ ಚೆಂಡು ಮತ್ತು ಅಂಗೈ ಎರಡೂ ಒಟ್ಟಿಗೆ ಕಾಣುತ್ತವೆ. ಬಲಗೈಯಲ್ಲಿ ಟೆನಿಸ್ ಚೆಂಡು ಎಸೆದು ಎಡಗೈಯಲ್ಲಿ ಹಿಡಿಯಿರಿ, ಆಮೇಲೆ ಅದಲುಬದಲು. ಚೆಂಡು ಅಂಗೈಗೆ ತಾಗುವವರೆಗೂ ಮೂಗು ಅದರ ಕಡೆಗೇ ತಿರುಗಬೇಕು, ಗಲ್ಲ ಕೆಳಗಿಳಿಯಬೇಕು. ಬರೀ ಕಣ್ಣು ಹೊರಳಿಸಿ ತಲೆ ಅಲ್ಲೇ ಇಟ್ಟರೆ ಭುಜ ಹಿಂದುಳಿಯುತ್ತದೆ, ಪಕ್ ಕೈಯಡಿಯಿಂದ ಜಾರಿ ಹೋಗುತ್ತದೆ.

ಆರು ಚೆಂಡುಗಳ ಮೇಲೆ ದಪ್ಪ ಮಾರ್ಕರಿನಲ್ಲಿ ಅಂಕೆ ಬರೆದು, ಗೆಳೆಯನೊಬ್ಬ ಎಸೆಯುವಾಗ ಹಿಡಿಯುವ ಮೊದಲೇ ಅಂಕೆ ಕೂಗಿ ಹೇಳುವ ಅಭ್ಯಾಸ ಮಾಡಿ. ಚೆಂಡು ಹತ್ತಿರ ಬಂದಾಗ ರೆಪ್ಪೆ ಮುಚ್ಚುವ, ತಲೆ ಹಿಂದಕ್ಕೆಳೆಯುವ ಚಾಳಿ ಇದರಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ.

ಇದು ಹಿಡಿತಕ್ಕೆ ಬಂದ ಮೇಲೆ ನಮ್ಮೂರಿನ ಮುರಕಲ್ಲಿನ ಕಂಪೌಂಡ್ ಗೋಡೆಗೆ ಬನ್ನಿ. ಗಾರೆಯಿಲ್ಲದ ಮುರಕಲ್ಲಿನ ಮೈತುಂಬ ಸಣ್ಣ ಸಣ್ಣ ತೂತು, ಉಬ್ಬುತಗ್ಗು. ಅದಕ್ಕೆ ಬಡಿದ ಚೆಂಡು ಒಮ್ಮೆ ಮೊಣಕಾಲಿಗೆ, ಒಮ್ಮೆ ಕಿವಿಯ ಪಕ್ಕಕ್ಕೆ ಬರುತ್ತದೆ. ಪಂದ್ಯದಲ್ಲಿ ಯಾರದ್ದೋ ಕೋಲಿಗೋ ಕಾಲಿಗೋ ತಾಗಿ ದಿಕ್ಕು ಬದಲಿಸುವ ಪಕ್‌ಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ದುಡ್ಡು ಕೊಟ್ಟರೂ ಸಿಗದು. ಇಲ್ಲಿ ದೂರ ನಾಲ್ಕು ಮೀಟರಿಗೆ ಹೆಚ್ಚಿಸಿ, ಹಿಡಿಯುವ ಹಟ ಬಿಟ್ಟು ಮೈ ಅಡ್ಡ ತರುವುದನ್ನು ಅಭ್ಯಾಸ ಮಾಡಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಕಣ್ಣು ದಣಿದ ಮೇಲೆ ಮಾಡಿದ್ದು ಕೆಟ್ಟ ಅಭ್ಯಾಸವಾಗಿ ಉಳಿಯುತ್ತದೆ.

ಟೆನಿಸ್ ಚೆಂಡು 60 ಗ್ರಾಂಗಿಂತ ಕಡಿಮೆ, ಪಕ್ 156ರಿಂದ 170 ಗ್ರಾಂ ತೂಕದ ಗಟ್ಟಿ ರಬ್ಬರ್. ಪಕ್ ಹಿಡಿಯುವ ಅಭ್ಯಾಸವನ್ನು ಪೂರ್ತಿ ರಕ್ಷಾಕವಚದಲ್ಲೇ ಮಾಡಬೇಕು. ಕ್ರಿಕೆಟ್ ಹೆಲ್ಮೆಟ್ ಸಾಕೆಂದು ಹೊರಡಬೇಡಿ. ಅದರ ಜಾಲರಿ ಇರುವುದು ಚೆಂಡಿಗೆ, ಎರಡೂವರೆ ಸೆಂ.ಮೀ. ದಪ್ಪದ ಪಕ್ ಅಂಚಿನಿಂದ ಬಂದರೆ ತಡೆಯುವ ಭರವಸೆಯಿಲ್ಲ. ಕುತ್ತಿಗೆಯ ಕವಚವೂ ಬೇಕೇ ಬೇಕು.

ಸೊಂಟದ ಕೀಲು

ಗೋಲ್‌ಕೀಪರ್‌ಗಳು ಬೇಗ ಕೆಡಿಸಿಕೊಳ್ಳುವುದು ಇದನ್ನೇ. ಬಟರ್‌ಫ್ಲೈ ಎಂದರೆ ಎರಡೂ ಮೊಣಕಾಲು ಜೋಡಿಸಿ ನೆಲಕ್ಕೂರಿ, ಪಾದಗಳನ್ನು ಎರಡೂ ಬದಿಗೆ ಚಾಚುವ ತಡೆ. ಕೆನಡಾದ ಗೋಲ್‌ಕೀಪರ್ ಗ್ಲೆನ್ ಹಾಲ್ ಇದನ್ನು ಮೊದಲು ಬಳಸಿದವರಲ್ಲಿ ಒಬ್ಬರು, ಅದೇ ದೇಶದ ಪ್ಯಾಟ್ರಿಕ್ ರುವಾ ಕಾಲದಿಂದ ಲೋಕವೆಲ್ಲ ಇದನ್ನೇ ಆಡುತ್ತಿದೆ. ಪಾದ ಹೊರಕ್ಕೆ ಚಾಚಬೇಕಾದರೆ ತೊಡೆಮೂಳೆ ಸೊಂಟದ ಕೀಲಿನಲ್ಲಿ ಒಳಕ್ಕೆ ತಿರುಗಬೇಕು. ಅದು ತಿರುಗದಿದ್ದರೆ ಆ ತಿರುಚು ಮೊಣಕಾಲಿಗೆ ಬೀಳುತ್ತದೆ, ಮೊಣಕಾಲಿನ ಒಳಬದಿಯ ಅಸ್ಥಿರಜ್ಜು (ಲಿಗಮೆಂಟ್) ಎಳೆದುಕೊಳ್ಳುತ್ತದೆ.

ನಾವು ಊಟಕ್ಕೆ ಚಕ್ಕಳಮಕ್ಕಳ ಕೂತು ಬೆಳೆದವರು, ಕೀಲು ಸಡಿಲವೇ ಇದೆ ಎಂದು ಧೈರ್ಯ ಮಾಡುವವರಿದ್ದಾರೆ. ಚಕ್ಕಳಮಕ್ಕಳದಲ್ಲಿ ತೊಡೆ ತಿರುಗುವುದು ಹೊರಕ್ಕೆ, ಬಟರ್‌ಫ್ಲೈಗೆ ಬೇಕಾದ್ದು ಒಳಕ್ಕೆ. ಹತ್ತಿರದ ಆಸನ ವೀರಾಸನ: ಮೊಣಕಾಲು ಕೂಡಿಸಿ, ಪಾದ ಎರಡೂ ಬದಿಗಿಟ್ಟು ನಡುವೆ ಕೂರುವುದು. ಮೊದಲು ಕುಂಡೆಯಡಿ ಎತ್ತರದ ದಿಂಬಿಟ್ಟು ಒಂದು ನಿಮಿಷ ಕೂತು ನೋಡಿ, ವಾರಗಳು ಕಳೆದಂತೆ ದಿಂಬು ತಗ್ಗಿಸಿ. ಮೊಣಕಾಲಿನಲ್ಲಿ ನೋವು ಬಂದರೆ ದಿಂಬು ಇನ್ನೂ ಎತ್ತರಿಸಬೇಕು.

ನಿಮ್ಮ ಅಳತೆ ತಿಳಿಯಲು ಕಾಲು ನೆಲಕ್ಕೆ ತಾಗದಷ್ಟು ಎತ್ತರದ ಮೇಜಿನ ಮೇಲೆ ಕೂತು, ತೊಡೆ ಅಲುಗಿಸದೆ ಪಾದವನ್ನು ಹೊರಕ್ಕೆ ಎತ್ತಿ. 30 ಡಿಗ್ರಿಗೂ ಬಾರದಿದ್ದರೆ ಅಗಲವಾದ ಬಟರ್‌ಫ್ಲೈಗೆ ಹಟ ಹಿಡಿಯಬೇಡಿ, ಕಿರಿದಾಗಿ ಆಡಿ. ಮೂಳೆಯ ಆಕಾರವೇ ಹಾಗಿದ್ದರೆ ಎಳೆದು ಹಿಗ್ಗಿಸಿ ಬದಲಿಸಲಾಗದು. ತೊಡೆಸಂದಿಯ ಮುಂಭಾಗದಲ್ಲಿ ಚಿವುಟಿದಂತೆ ನೋವು ಬಂದರೆ ಅಭ್ಯಾಸ ನಿಲ್ಲಿಸಿ ಫಿಸಿಯೋಥೆರಪಿಸ್ಟ್ ಬಳಿ ಹೋಗಬೇಕು, ತಡೆದುಕೊಂಡು ಆಡುವ ನೋವಲ್ಲ ಅದು.

ಶಕ್ತಿ ಬೆಳೆಸಲು, ಮಲಗಿ ಮೊಣಕಾಲುಗಳ ನಡುವೆ ಫುಟ್‌ಬಾಲ್ ಇಟ್ಟು 10 ಸೆಕೆಂಡ್ ಅಮುಕಿ ಹಿಡಿಯುವುದು, ಐದು ಸಲ. ಒಂಟಿಕಾಲಿನಲ್ಲಿ ಕುರ್ಚಿಗೆ ಕೂತು ಏಳುವುದು, ಒಂದೊಂದು ಕಾಲಿಗೆ ಎಂಟರಂತೆ ಮೂರು ಸುತ್ತು. ಬಟರ್‌ಫ್ಲೈ ಬೀಳುವ ಅಭ್ಯಾಸ ಸಿಮೆಂಟ್ ನೆಲದ ಮೇಲೆ ಬರಿ ಮೊಣಕಾಲಿನಲ್ಲಿ ಬೇಡವೇ ಬೇಡ.

ಜಾರುವ ಹಲಗೆ

8×4 ಅಡಿಯ ಸನ್‌ಮೈಕಾ ಹಾಳೆ ತಂದು ಉದ್ದಕ್ಕೆ ಸೀಳಿಸಿದರೆ 8×2 ಅಡಿಯ ಎರಡು ಹಲಗೆಗಾಗುತ್ತದೆ. 18 ಮಿ.ಮೀ. ಪ್ಲೈವುಡ್‌ಗೆ ಅಂಟಿಸಿ, ಎರಡೂ ತುದಿಗೆ ಮರದ ಅಡ್ಡಪಟ್ಟಿ ಸ್ಕ್ರೂ ಹಾಕಿ ಬಿಗಿಸಿ. ಪ್ಲೈವುಡ್ ವಾಟರ್‌ಪ್ರೂಫ್ ಆಗಿರಲಿ, ಇಲ್ಲವಾದರೆ ಆಟಿಯ ಮಳೆಗೆ ಉಬ್ಬಿ ಸನ್‌ಮೈಕಾ ಏಳುತ್ತದೆ. ಉಣ್ಣೆಯ ಕಾಲುಚೀಲ ಹಾಕಿ ಒಂದು ತುದಿಯಿಂದ ಇನ್ನೊಂದಕ್ಕೆ ತಳ್ಳಿ ಜಾರಿ: 30 ಸೆಕೆಂಡ್ ಕೆಲಸ, ಒಂದು ನಿಮಿಷ ವಿರಾಮ, ಆರು ಸುತ್ತು. ತಲೆ ಮೇಲೆ ಕೆಳಗೆ ಹೋಗಬಾರದು, ಕೈ ಬೀಸಬಾರದು. ಎದುರಿಗೆ ಕನ್ನಡಿ ಇಟ್ಟುಕೊಂಡರೆ ಗೊತ್ತಾಗುತ್ತದೆ.

ಬಿದ್ದಲ್ಲಿಂದ ಏಳುವುದನ್ನೂ ಇಲ್ಲೇ ಕಲಿಯಿರಿ. ಎಡಕ್ಕೆ ಹೋಗಬೇಕಿದ್ದರೆ ಮೊದಲು ತಲೆ ಎಡಕ್ಕೆ ತಿರುಗಬೇಕು, ಆಮೇಲೆ ಬಲಗಾಲು ಎದ್ದು ತಳ್ಳಬೇಕು. ಹೊಸಬರು ಹೋಗುವ ಕಡೆಯ ಕಾಲನ್ನೇ ಎತ್ತುತ್ತಾರೆ. ಆಗ ತಳ್ಳಲು ಕಾಲೇ ಇರುವುದಿಲ್ಲ.

ರೋಲರ್ ಸ್ಕೇಟಿಂಗ್‌ನಿಂದ ಬಂದವರಿಗೆ

ಇಲ್ಲಿ ಸ್ಕೇಟಿಂಗ್ ಕಲಿತ ಮಕ್ಕಳು ಬಹಳ ಇದ್ದಾರೆ, ಸಮತೋಲನ, ಕಾಲಿನ ಬಲ ಎರಡೂ ಅವರಿಗೆ ಆಸ್ತಿ. ಆದರೆ ಚಕ್ರ ಅಡ್ಡಕ್ಕೆ ಜಾರುವುದಿಲ್ಲ. ಹಾಗಾಗಿ ರೋಲರ್ ಗೋಲ್‌ಕೀಪರ್ ಪಕ್ಕಕ್ಕೆ ಹೋಗಲು ಪಾದ ಎತ್ತಿ ಇಡುತ್ತಾನೆ. ಐಸ್ ಮೇಲೆ ಶಫಲ್ ಮಾಡುವಾಗ ಒಂದು ಕಾಲಿನ ಒಳ ಅಂಚಿನಿಂದ ತಳ್ಳಿ, ಇನ್ನೊಂದು ಬ್ಲೇಡನ್ನು ಎತ್ತದೆ ಅಡ್ಡಕ್ಕೆ ಜಾರಿಸಬೇಕು. ಎತ್ತಿದ ಕ್ಷಣ ಕಾಲುಗಳ ನಡುವೆ ದಾರಿ ತೆರೆಯುತ್ತದೆ. ಚಕ್ರದ ಮೇಲೆ ಕೋನ, ದೃಷ್ಟಿ, ದಮ್ಮು ಅಭ್ಯಾಸ ಮಾಡಿ, ಶಫಲ್ ಬೇಡ. ಫೀಲ್ಡ್ ಹಾಕಿ ಗೋಲ್‌ಕೀಪರ್‌ಗಳು ಒದೆಯುವ ಅಭ್ಯಾಸ ಬಿಟ್ಟು ಕೋಲನ್ನು ನಂಬಲು ಕಲಿಯಬೇಕು.

ಐಸ್ ಸಿಕ್ಕ ದಿನಗಳಲ್ಲಿ

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಿಂದ ವಿಮಾನದಲ್ಲಿ ಇಳಿದವರು ಕನಿಷ್ಠ ಎರಡು ದಿನ ಸುಮ್ಮನಿರಬೇಕು. ತಲೆನೋವು, ವಾಂತಿ ಬಿಡದಿದ್ದರೆ ವೈದ್ಯರ ಬಳಿ ಹೋಗಬೇಕು, ಆಟದ ಮಾತು ಆಮೇಲೆ.

ಬ್ಲೇಡಿನ ತಳದಲ್ಲಿ ಉದ್ದಕ್ಕೂ ಒಂದು ತೋಡಿರುತ್ತದೆ, ಅದರ ಎರಡು ಬದಿಯೇ ಅಂಚುಗಳು. ಹೊಸಬರು ಅರ್ಧ ಇಂಚಿನ ತ್ರಿಜ್ಯದ ತೋಡಿನಿಂದ ಶುರುಮಾಡಬಹುದು. ಶಫಲ್‌ನಲ್ಲಿ ಬ್ಲೇಡ್ ಕಚ್ಚಿಕೊಂಡರೆ ತೋಡು ಆಳ ಹೆಚ್ಚಾಗಿದೆ, ತಳ್ಳುವಾಗ ಕಾಲು ತಪ್ಪಿದರೆ ಕಡಿಮೆಯಾಗಿದೆ ಅಥವಾ ಅಂಚು ಮೊಂಡಾಗಿದೆ. ಉಗುರನ್ನು ಅಂಚಿಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ: ಬಿಳಿ ಪುಡಿ ಉದುರಿದರೆ ಅಂಚು ಚೂಪಾಗಿದೆ. ಎರಡೂ ಬದಿಗೂ ನೋಡಿ. ಸಹಜ ಮಂಜುಗಡ್ಡೆಯಲ್ಲಿ ಮಣ್ಣು, ಮರಳು ಇರುವುದರಿಂದ ಅಂಚು ಬೇಗ ಹೋಗುತ್ತದೆ.

ಐಸ್‌ಗೆ ಇಳಿದ ಮೊದಲ ಎರಡು ದಿನ ಪಕ್ ಮುಟ್ಟಬೇಡಿ. ಪೂರ್ತಿ ಸಾಮಾನು ಹಾಕಿಕೊಂಡೇ ಮುಂದೆ ಹಿಂದೆ ಸಿ-ಕಟ್ (ಬ್ಲೇಡಿನಿಂದ C ಆಕಾರ ಕೊರೆಯುತ್ತ ಚಲಿಸುವುದು), ಕಂಬದಿಂದ ಕಂಬಕ್ಕೆ ಟಿ-ಪುಶ್ (ಪಾದಗಳನ್ನು T ಆಕಾರದಲ್ಲಿಟ್ಟು ತಳ್ಳಿ ಜಾರುವುದು), ಶಫಲ್, ಥಟ್ಟನೆ ನಿಲ್ಲುವುದು. ಮೂರನೆಯ ದಿನ ಬಟರ್‌ಫ್ಲೈ, ಬಿದ್ದಲ್ಲೇ ಜಾರುವುದು. ಪ್ಯಾಡ್ ಪಟ್ಟಿಗಳನ್ನು ಬಿಗಿದು ಕಟ್ಟುವುದು ಇಲ್ಲಿ ಕಾಣುವ ದೊಡ್ಡ ತಪ್ಪು. ಬಿದ್ದಾಗ ಪ್ಯಾಡ್ ಕಾಲಿನ ಸುತ್ತ ತಿರುಗಿ ಅದರ ಮುಖ ಮುಂದಕ್ಕೆ ಬರಬೇಕು. ಬಿಗಿಯಾಗಿದ್ದರೆ ತಿರುಗದೆ ನಡುವೆ ಸಂದಾಗುತ್ತದೆ, ಮೊಣಕಾಲು ತಿರುಚಿಕೊಳ್ಳುತ್ತದೆ. ಪ್ಯಾಡನ್ನು ಸ್ಕೇಟಿನ ಮುಂತುದಿಗೆ ಕಟ್ಟುವ ದಾರವೂ ಸಡಿಲವಿರಲಿ.

ಕೋಲಿನ ಬ್ಲೇಡ್ ಸ್ಕೇಟಿನ ಮುಂದೆ ಒಂದು ಗೇಣು ದೂರದಲ್ಲಿ, ಐಸ್‌ಗೆ ಪೂರ್ತಿ ತಾಗಿರಬೇಕು. ಕಾಲಿಗೆ ಒತ್ತಿಕೊಂಡಿದ್ದರೆ ಪಕ್‌ನ ರಭಸ ತಡೆಯಲು ಎಡೆಯಿಲ್ಲದೆ ಅದು ಎದುರಿಗೇ ಪುಟಿಯುತ್ತದೆ. ತಡೆಯುವಾಗ ಬ್ಲೇಡ್ ಓರೆ ಮಾಡಿ ಮೂಲೆಗೆ ಕಳಿಸಿ.

ಪ್ರತಿ ಅಭ್ಯಾಸದ ನಂತರ ಪುಸ್ತಕದಲ್ಲಿ ಗೋಲಿನ ಚಿತ್ರ ಬರೆದು, ಬಿದ್ದ ಗೋಲುಗಳನ್ನು ಗುರುತಿಸಿ. ಹೊಡೆತ ಎಲ್ಲಿಂದ ಬಂತು ಎಂದೂ ಬರೆಯಿರಿ. 24 ಹೊಡೆತದಲ್ಲಿ 21 ತಡೆದರೆ 0.875. ಆ ಅಂಕಿಯಿಂದ ತಪ್ಪು ತಿಳಿಯದು. ಮೂರೂ ಗೋಲು ಬ್ಲಾಕರ್ (ಕೋಲು ಹಿಡಿದ ಕೈಯ ಚಪ್ಪಟೆ ಕವಚ) ಕೆಳಗೇ ಬಿದ್ದದ್ದನ್ನು ಹೇಳುವುದು ಚಿತ್ರ.

ಸಾಮಾನು, ಮಳೆ, ಉಪ್ಪುಗಾಳಿ

ಊರಲ್ಲಿ ಪ್ಯಾಡ್ ಹಾಕಿ ಅಭ್ಯಾಸ ಮಾಡುವುದಾದರೆ ಬೆಳಿಗ್ಗೆ ಏಳರ ಒಳಗೆ, 20 ನಿಮಿಷ ಮಾತ್ರ. ಮೊದಲೂ ಆಮೇಲೂ ತೂಕ ನೋಡಿ, ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ. ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿಯ ತಿಳಿ, ಬೊಂಡದ ನೀರು ಒಳ್ಳೆಯದು.

ಒದ್ದೆ ಗ್ಲೋವನ್ನು ಚೀಲದಲ್ಲೇ ಬಿಟ್ಟರೆ ಜುಲೈಯಲ್ಲಿ ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಒಳಗೆ ಹಳೆ ಪತ್ರಿಕೆ ತುರುಕಿ ಫ್ಯಾನಿನಡಿ ತೂಗುಹಾಕಿ, ಪತ್ರಿಕೆ ಒದ್ದೆಯಾದಂತೆ ಬದಲಿಸಿ. ಬಿರುಬಿಸಿಲಿಗೆ ಇಡಬೇಡಿ, ಅಂಗೈಯ ಚರ್ಮ ಒಣಗಿ ಸೀಳುತ್ತದೆ. ಸ್ಕೇಟ್ ಬ್ಲೇಡ್ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ ಬಟ್ಟೆಯ ಕವರಿನಲ್ಲಿಡಿ. ಪ್ಲಾಸ್ಟಿಕ್ ಗಾರ್ಡ್ ನಡೆಯುವಾಗ ಹಾಕಲು ಮಾತ್ರ; ಅದರಲ್ಲೇ ಮುಚ್ಚಿಟ್ಟರೆ ಒಳಗೆ ಪಸೆ ನಿಂತು ಅಂಚಿಗೇ ಮೊದಲು ತುಕ್ಕು ಬರುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಮತ್ತೆ ಎಣ್ಣೆ ಸವರಿ.